ಭಾನುವಾರ ಪೂರ್ತಿ ಒಂದೇ ಪಾತ್ರೆ

ಪಾಸ್ತಾಗೆ ಹಂದಿಮಾಂಸದ ಸಾಸ್, ಬೆಳಿಗ್ಗೆ 11ಕ್ಕೆ ಒಲೆ ಮೇಲಿಟ್ಟಿದ್ದು, ಈಗ ಎರಡೂವರೆ, ಇನ್ನೂ ಸಣ್ಣ ಉರೀಲಿ ಗುಳುಗುಳು ಅಂತಿದೆ. ಹಂದಿ ಭುಜದ ಮಾಂಸ 1 ಕೆಜಿ, ದೊಡ್ಡ ತುಂಡುಗಳನ್ನ ಕೆಂಪಗೆ ಹುರಿದು ತೆಗೆದಿಟ್ಟು ಅದೇ ಪಾತ್ರೇಲಿ ಈರುಳ್ಳಿ, ಕ್ಯಾರೆಟ್, ಸೆಲರಿ ಸಣ್ಣಗೆ ಹೆಚ್ಚಿ ಹಾಕಿದ್ದು, ಇಲ್ಲಿ ಫ್ಲಾರೆನ್ಸ್‌ನಲ್ಲಿ ಇದಕ್ಕೆ ಸೊಫ್ರಿತ್ತೋ ಅಂತಾರೆ, ನಮ್ಮ ಒಗ್ಗರಣೆ ತರಾನೇ ಆದ್ರೆ ಚಟಪಟ ಅನ್ನೋ ಅವಸರ ಇಲ್ಲ, 20 ನಿಮಿಷ ಸುಮ್ನೆ ಮೆತ್ತಗಾಗ್ಬೇಕು. ಆಮೇಲೆ ಒಂದು ಗ್ಲಾಸ್ ರೆಡ್ ವೈನ್, ಟೊಮ್ಯಾಟೊ, ರೋಸ್ಮರಿ, ಅಷ್ಟೇ.

ಹೋದ್ಸಲ ಬುದ್ಧಿ ಉಪಯೋಗಿಸಿ ಕುಕ್ಕರ್‌ಗೆ ಹಾಕಿ ಆರು ವಿಷಲ್ ಕೂಗಿಸಿದ್ದೆ. ಮಾಂಸ ಏನೋ ಬೆಂತು, ಸಾಸ್ ಮಾತ್ರ ತಿಳಿಸಾರು! ನೀರು ಆವಿಯಾಗಿ ಹೋದ್ರೆ ತಾನೇ ಗಟ್ಟಿ ಆಗೋದು.

ಇದಕ್ಕೆ ಪಪ್ಪರ್ದೆಲ್ಲೆನೇ ಬೇಕು, ಎರಡು ಬೆರಳಗಲದ ಪಾಸ್ತಾ, ತೆಳು ಸ್ಪಗೆಟಿ ಮೇಲೆ ಹಾಕಿದ್ರೆ ಮಾಂಸ ಎಲ್ಲಾ ತಟ್ಟೆ ತಳದಲ್ಲೇ ಉಳಿಯುತ್ತೆ. ಆ ಹೆಸ್ರು ಬಂದಿರೋದೇ ಗಬಗಬ ತಿನ್ನೋದು ಅನ್ನೋ ಅರ್ಥದ ಇಟಾಲಿಯನ್ ಪದದಿಂದಂತೆ. ಈ ಕಡೆಯವರು ಕಾಡುಹಂದೀಲೂ ಮಾಡ್ತಾರೆ.

ಮಡಿಕೇರೀಲಿ ಅವ್ವ ಪಂದಿಕರಿ ಇಟ್ಟಾಗ ಹತ್ತು ಸಲ ಹೋಗಿ ಆಯ್ತಾ ಆಯ್ತಾ ಅಂತ ಕೇಳ್ತಿದ್ದೆ, ಅವರು ತಿರುಗಿ ಕೂಡ ನೋಡ್ತಿರ್ಲಿಲ್ಲ. ಈಗ ಕೇಳೋಕೆ ಯಾರೂ ಇಲ್ಲ, ನಾನೇ ಮುಚ್ಚಳ ತೆಗ್ದು ತೆಗ್ದು ನೋಡ್ತಿದೀನಿ. ಪಂದಿಕರಿಗೆ ಹಾಕೋ ಆ ಕಪ್ಪು ಹುಳಿ, ಕಾಚಂಪುಳಿ, ಒಂದು ಸ್ಪೂನ್ ಬಿಡೋಣ ಅಂತ ಕೈ ಬೇರೆ ತುರಿಸ್ತಿದೆ.

ಫೋರ್ಕ್ ಒತ್ತಿದ್ರೆ ಎಳೆಎಳೆಯಾಗಿ ಬಿಟ್ಕೊಳ್ತಿದೆ. ಪಾಸ್ತಾ ನೀರಿಗೆ ಉಪ್ಪು ಹಾಕಿ ಬರ್ತೀನಿ ಇರಿ.