ಮುಖಪುಟಕ್ಕೆ ಫೋಟೊ ತೆಗೆಯುವ ದಿನ

ಡಿಸೆಂಬರ್ ನಡುವಿನಲ್ಲಿ ಲಂಡನ್ನಿನಲ್ಲಿ ಸೂರ್ಯ ಮುಳುಗುವುದು ಮಧ್ಯಾಹ್ನ 3.50ರ ಸುಮಾರಿಗೆ. ಹೆಚ್ಚಿನ ಶಾಲೆಗಳು ಬಿಡುವುದು ಮೂರು, ಮೂರೂವರೆಗೆ. ಮಾಡೆಲ್ ಆಗಲು ಒಪ್ಪಿದ ಗೆಳತಿ ಬಟ್ಟೆ ಬದಲಿಸಿ ಪಾರ್ಕಿಗೆ ಬರುವ ಹೊತ್ತಿಗೆ ಬೆಳಕು ಹೋಗಿಯೇ ಬಿಟ್ಟಿರುತ್ತದೆ. ಫೋನು ಬೆಳಕಿನ ಕೊರತೆಯನ್ನು ತುಂಬಿಕೊಡಲು ಐಎಸ್ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟವನ್ನು, ಏರಿಸುತ್ತದೆ, ಮುಖದ ಮೇಲೆ ಮರಳು ಚೆಲ್ಲಿದ ಹಾಗೆ ಚುಕ್ಕೆಗಳು ಏಳುತ್ತವೆ, ಕೈ ಅಲುಗಿದ್ದರಿಂದ ಕಣ್ಣು ಮಸುಕಾಗುತ್ತದೆ. ಇಂಗ್ಲೆಂಡಿನಲ್ಲಿ ಹದಿನಾರನೇ ವಯಸ್ಸಿನ ಸುಮಾರಿಗೆ ಬರೆಯುವ ಜಿಸಿಎಸ್ಇ ಪರೀಕ್ಷೆಯ ಮೀಡಿಯಾ ಸ್ಟಡೀಸ್‌ಗಾಗಿ ಮ್ಯಾಗಜೀನ್ ಮಾಡುವ ಮಕ್ಕಳ ಕೋರ್ಸ್‌ವರ್ಕ್ ಸೋಲುವುದು ಬಹಳ ಸಲ ಇಲ್ಲಿಯೇ. ಆಮೇಲೆ ಫೋಟೊಶಾಪಿನಲ್ಲಿ ಎಷ್ಟು ಗಂಟೆ ಕೂತರೂ ಆ ದಿನ ಸಿಗದ ಕಣ್ಣು ಮುಖಪುಟಕ್ಕೆ ಬರುವುದಿಲ್ಲ.

ಇಂಗ್ಲೆಂಡಿನಲ್ಲಿರುವ ಕನ್ನಡದ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, ಇದೂ ಒಂದು ಸಬ್ಜೆಕ್ಟಾ? ಹೌದು, ಮತ್ತು ಸುಲಭದ್ದಲ್ಲ. ಒಟ್ಟು ಫಲಿತಾಂಶದಲ್ಲಿ ಶೇ. 70 ಬರುವುದು ಬರೆಯುವ ಪರೀಕ್ಷೆಗಳಿಂದ, ಉಳಿದ ಶೇ. 30 ಮಗು ತಾನೇ ತಯಾರಿಸಿದ ಕೃತಿಯಿಂದ. ಎಕ್ಯೂಎ, ಎಡ್ಯುಕಾಸ್ ಎರಡು ಪರೀಕ್ಷಾ ಮಂಡಳಿಗಳಲ್ಲೂ ಆ ಕೃತಿಗೆ 60 ಅಂಕ. ಮಾಡಬೇಕಾದ ಕೆಲಸದ ವಿವರ, ಅಂದರೆ ಬ್ರೀಫ್, ಪ್ರತಿ ವರ್ಷ ಮಾರ್ಚ್ 1ರಂದು ಬರುತ್ತದೆ. ಅದನ್ನು ಮುಗಿಸಿ ಒಪ್ಪಿಸುವುದು ಮುಂದಿನ ವರ್ಷದ ಪರೀಕ್ಷೆಗೆ. ಬ್ರೀಫ್ ವರ್ಷವರ್ಷವೂ ಬದಲಾಗುತ್ತದೆ. ಹೀಗಾಗಿ ಅಣ್ಣನ ಫೈಲನ್ನು ತಂಗಿ ನೋಡಿ ಕಲಿಯಬಹುದು, ಅದರ ಅಳತೆಯಲ್ಲೇ ಕೆಲಸ ಮಾಡಲಾಗದು. ಗುಂಪು ಕೆಲಸಕ್ಕೂ ಅವಕಾಶವಿಲ್ಲ. ಗೆಳೆಯರು ಮಾಡೆಲ್ ಆಗಿ ನಿಲ್ಲಬಹುದು, ಹೇಳಿದ ಕಡೆ ದೀಪ ಹಿಡಿಯಬಹುದು. ಆದರೆ ನಿರ್ಧಾರಗಳೆಲ್ಲ ವಿದ್ಯಾರ್ಥಿಯದೇ ಆಗಿರಬೇಕು, ಸಹಾಯ ಮಾಡಿದವರು ಏನು ಮಾಡಿದರೆಂದು ಒಪ್ಪಿಸುವ ಹಾಳೆಯಲ್ಲಿ ಬರೆಯಬೇಕು.

ಫೋಟೊ ದಿನ ಚೆನ್ನಾಗಿ ನಡೆಯಬೇಕಾದರೆ ಅದಕ್ಕೆ ಮೂರು ವಾರ ಮೊದಲೇ ಕಾಗದದ ಕೆಲಸ ಮುಗಿದಿರಬೇಕು. ಬ್ರೀಫನ್ನು ಹಾಳೆಯ ಮೇಲೆ ಮುದ್ರಿಸಿಕೊಂಡು, ಕಡ್ಡಾಯ ಎಂದಿರುವ ಪ್ರತಿಯೊಂದಕ್ಕೂ ಗುರುತು ಹಾಕುವುದು ಮೊದಲ ಕೆಲಸ: ಯಾವ ಪ್ರಕಾರದ ಮ್ಯಾಗಜೀನ್, ಓದುಗರು ಯಾರು, ಎಷ್ಟು ಪುಟ, ಎಷ್ಟು ಮೂಲ ಚಿತ್ರ, ಲೇಖನ ಎಷ್ಟು ಪದ. ಚಿತ್ರಗಳ ಸಂಖ್ಯೆಯಲ್ಲಿ ಒಂದು ಕಡಿಮೆಯಾದರೂ, ಉಳಿದ ಪುಟ ಎಷ್ಟೇ ಚೆಂದವಿದ್ದರೂ, ಬ್ರೀಫ್ ಪೂರೈಸಿಲ್ಲ ಎಂಬ ಲೆಕ್ಕಕ್ಕೆ ಬೀಳುತ್ತದೆ. ನಾಲ್ಕು ಚಿತ್ರ ಕೇಳಿದ್ದರೆ ಎಂಟು ಯೋಜಿಸಿಕೊಳ್ಳುವುದು ಕ್ಷೇಮ. ಒಬ್ಬಳೇ ಹುಡುಗಿ, ಒಂದೇ ಅಂಗಿ, ಒಂದೇ ಗೋಡೆಯ ಎದುರು ತೆಗೆದ ನಾಲ್ಕನ್ನು ನಾಲ್ಕು ಚಿತ್ರವೆನ್ನಲು ಯಾರಿಗೂ ಮನಸ್ಸು ಬಾರದು.

ಬಳಿಕ ಅದೇ ಪ್ರಕಾರದ ಮೂರು ನಿಜವಾದ ಮ್ಯಾಗಜೀನ್ ಎದುರಿಗಿಟ್ಟುಕೊಂಡು ಅಳೆಯಬೇಕು. ನಾನು ಅಳೆಯಬೇಕು ಅಂದದ್ದು ಸ್ಕೇಲ್ ಹಿಡಿದೇ. ಹೆಸರುಪಟ್ಟಿ, ಅಂದರೆ ಮುಖಪುಟದ ಮೇಲ್ಭಾಗದಲ್ಲಿ ಮ್ಯಾಗಜೀನಿನ ಹೆಸರಿರುವ ಪಟ್ಟಿ, ಪುಟದ ಎತ್ತರದ ಎಷ್ಟನೇ ಭಾಗ? ಮಾಡೆಲ್‌ನ ತಲೆ ಅದರ ಮೇಲೆ ಬಂದಿದೆಯೋ ಕೆಳಗಿದೆಯೋ? ಮುಖಪುಟದಲ್ಲಿ ಎಷ್ಟು ಸಾಲು ಶೀರ್ಷಿಕೆ, ಅವು ಎಡಬದಿಯಲ್ಲೇ ಏಕೆ ಗುಂಪಾಗಿವೆ? ಅಂಗಡಿಯ ಕಪಾಟಿನಲ್ಲಿ ಮ್ಯಾಗಜೀನುಗಳನ್ನು ಒಂದರ ಮೇಲೊಂದು ಸರಿಸಿ ಇಟ್ಟಾಗ ಎಡಗಡೆಯ ಮೂರನೇ ಒಂದು ಭಾಗ ಕಾಣಿಸುತ್ತದೆ, ಅದಕ್ಕೆ. ಒಳಪುಟದಲ್ಲಿ ಕಾಲಮ್ಮು ಮೂರೋ ನಾಲ್ಕೋ, ಅಕ್ಷರದ ಗಾತ್ರ ಎಷ್ಟು ಪಾಯಿಂಟು, ಒಟ್ಟು ಎಷ್ಟು ಬಗೆಯ ಅಕ್ಷರ, ಅಂದರೆ ಫಾಂಟು? ಅಳೆದು ನೋಡಿದವರಿಗೆ ತಿಳಿಯುವುದು ಒಂದು ವಿಷಯ: ವೃತ್ತಿಪರ ಪುಟಗಳಲ್ಲಿ ಅಕ್ಷರ ಎರಡು ಮೂರು ಬಗೆ, ಬಣ್ಣ ಮೂರು. ಮಕ್ಕಳ ಮೊದಲ ಪ್ರತಿಯಲ್ಲಿ ಅಕ್ಷರ ಏಳು ಬಗೆ, ಬಣ್ಣಕ್ಕೆ ಲೆಕ್ಕವೇ ಇರುವುದಿಲ್ಲ.

ಈ ಅಳತೆಗಳಿಂದ ಪೆನ್ಸಿಲಿನಲ್ಲಿ ಎ4 ಹಾಳೆಯ ಮೇಲೆ ಪೂರ್ಣ ಗಾತ್ರದ ನಕ್ಷೆ ಬರೆಯಬೇಕು. ಯಾವ ಚಿತ್ರ ಎಲ್ಲಿ, ಅಡ್ಡವೋ ಉದ್ದವೋ, ನೋಟ ಯಾವ ಕಡೆಗೆ ಎಂಬುದೆಲ್ಲ ಅದರಲ್ಲಿ ಬರಬೇಕು. ಎಡಪುಟದಲ್ಲಿರುವ ವ್ಯಕ್ತಿ ಎಡಕ್ಕೆ ನೋಡುತ್ತಿದ್ದರೆ ಓದುಗರ ಕಣ್ಣು ಪುಟದಾಚೆ ಹೋಗುತ್ತದೆ, ಬಲಕ್ಕೆ ನೋಡಿದರೆ ಲೇಖನದೊಳಕ್ಕೆ ಬರುತ್ತದೆ. ಇದನ್ನು ಫೋಟೊ ತೆಗೆದ ಮೇಲೆ ತಿರುಗಿಸಿ ಸರಿಮಾಡೋಣವೆಂದರೆ ಅಂಗಿಯ ಮೇಲಿನ ಬರಹ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗುತ್ತದೆ, ಬೈತಲೆ ಪಕ್ಕ ಬದಲಿಸುತ್ತದೆ. ನಕ್ಷೆಯಿಂದ ಶಾಟ್‌ಗಳ ಪಟ್ಟಿ ತಾನಾಗಿ ಹುಟ್ಟುತ್ತದೆ. ಆ ಪಟ್ಟಿ ಇಲ್ಲದೆ ಕ್ಯಾಮೆರಾ ಹಿಡಿಯುವುದು ಬೇಡ.

ಮಾಡೆಲ್ ಹದಿನೆಂಟಕ್ಕಿಂತ ಚಿಕ್ಕವರಾದರೆ ಪೋಷಕರ ಒಪ್ಪಿಗೆ ಬರಹದಲ್ಲಿರಲಿ. ಬದಲಿ ಮಾಡೆಲ್ ಒಬ್ಬರು, ಬದಲಿ ದಿನಾಂಕ ಒಂದು ಇರಲಿ. ಎರಡನೇ ದಿನಾಂಕ ಎರಡು ವಾರದೊಳಗೇ ಇಟ್ಟುಕೊಳ್ಳಬೇಕು, ಮೊದಲ ದಿನದ ಬಟ್ಟೆಯನ್ನು ಹಾಗೆಯೇ ತೆಗೆದಿಡಬೇಕು. ನಡುವೆ ಮಾಡೆಲ್ ಕೂದಲು ಕತ್ತರಿಸಿಕೊಂಡರೆ ಮುಖಪುಟ ಒಬ್ಬರದು, ಒಳಪುಟ ಇನ್ನೊಬ್ಬರದು ಎಂಬಂತಾಗುತ್ತದೆ.

ಚಳಿಗಾಲದಲ್ಲಿ ಫೋಟೊ ತೆಗೆಯಲು ಸರಿಯಾದ ಹೊತ್ತು ಶನಿವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ. ಮೋಡ ಕವಿದಿದ್ದರೆ ಇನ್ನೂ ಒಳ್ಳೆಯದು, ನೆರಳು ಮೆತ್ತಗಿರುತ್ತದೆ. ಮನೆಯೊಳಗಾದರೆ ದೊಡ್ಡ ಕಿಟಕಿಯಿರುವ ಕೋಣೆ ಸಾಕು. ಮಾಡೆಲ್‌ನನ್ನು ಗೋಡೆಗೆ ಆನಿಸಿ ನಿಲ್ಲಿಸಬಾರದು. ಒಂದೂವರೆ, ಎರಡು ಮೀಟರ್ ಮುಂದೆ ತಂದರೆ ನೆರಳು ಗೋಡೆಯ ಮೇಲೆ ಬೀಳುವುದಿಲ್ಲ, ಹಿನ್ನೆಲೆಯೂ ತುಸು ಮಸುಕಾಗುತ್ತದೆ. ಕಿಟಕಿ ಒಂದು ಪಕ್ಕಕ್ಕಿರಲಿ. ಕತ್ತಲೆ ಬಿದ್ದ ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮಾಕೋಲ್ ಹಲಗೆಯನ್ನೋ ಬಿಳಿ ಬೆಡ್‌ಶೀಟನ್ನೋ ಹಿಡಿದರೆ ಕೆನ್ನೆಗೆ ಬೆಳಕು ಮರಳುತ್ತದೆ.

ತಲೆಯ ಮೇಲಿನ ದೀಪಗಳನ್ನು ಆರಿಸಲೇಬೇಕು. ಇದನ್ನು ಮರೆಯುವವರೇ ಹೆಚ್ಚು. ಕಿಟಕಿಯ ಬೆಳಕು ನೀಲಿಗೆ ವಾಲುತ್ತದೆ, ಮನೆಯ ಬಲ್ಬು ಹಳದಿಗೆ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ಸರಿಮಾಡಿದಾಗ ಇನ್ನೊಂದು ಕೆಡುತ್ತದೆ, ಬಣ್ಣವನ್ನು ಸರಿದೂಗಿಸುವ ಯಾವ ವೈಟ್ ಬ್ಯಾಲೆನ್ಸೂ ಎರಡನ್ನೂ ಒಟ್ಟಿಗೆ ಸರಿಮಾಡಲಾರದು. ಕ್ಯಾಮೆರಾ ಇದ್ದರೆ ಶಟರ್ ವೇಗ 1/125 ಸೆಕೆಂಡಿಗಿಂತ ನಿಧಾನವಾಗದಂತೆ, ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್4ರಿಂದ 5.6ರ ನಡುವೆ, ಐಎಸ್ಒ 400ರಿಂದ ಶುರುಮಾಡಿ ಬೇಕಾದಷ್ಟು ಏರಿಸಬಹುದು. ಫೋಕಸ್ ಹತ್ತಿರದ ಕಣ್ಣಿನ ಮೇಲೆ. ಫೋನಾದರೆ ವೈಡ್ ಲೆನ್ಸ್ ಹಿಡಿದು ಮುಖದ ಹತ್ತಿರ ಹೋಗಬಾರದು, ಮೂಗು ದೊಡ್ಡದಾಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು, ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೊ ಲೆನ್ಸ್ ಇದ್ದರೆ ಅದನ್ನು ಬಳಸಬೇಕು.

ನಮ್ಮ ಮಕ್ಕಳು, ಅವರ ಅಕ್ಕ, ಅಮ್ಮ, ಚಿಕ್ಕಮ್ಮಂದಿರು ಮಾಡೆಲ್ ಆದಾಗ ಇನ್ನೊಂದು ತೊಡಕಿದೆ. ಬಿಳಿ ಗೋಡೆಯ ಮುಂದೆ ಕಂದು ಮೈಬಣ್ಣದವರು ನಿಂತರೆ ಕ್ಯಾಮೆರಾದ ಮೀಟರ್ ಗೋಡೆಯನ್ನು ನೋಡಿ ಬೆಳಕು ಹೆಚ್ಚಾಯಿತೆಂದು ಲೆಕ್ಕಹಾಕುತ್ತದೆ, ಚಿತ್ರವನ್ನೆಲ್ಲ ಕತ್ತಲು ಮಾಡುತ್ತದೆ. ಮುಖದ ವಿವರ ಹೋಗಿಬಿಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಚಿತ್ರದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್, ಅರ್ಧದಿಂದ ಒಂದು ಸ್ಟಾಪ್ ಏರಿಸಿ, ಇಲ್ಲವೇ ಫೋನಿನಲ್ಲಿ ಮುಖದ ಮೇಲೆ ಒತ್ತಿ ಹಿಡಿದು ಬೆಳಕನ್ನು ಮೇಲಕ್ಕೆ ಎಳೆಯಿರಿ. ಗೋಡೆ ಪೂರ್ತಿ ಬೆಳ್ಳಗಾದರೆ ಆಗಲಿ, ಮುಖ ಉಳಿಯಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸೋಣವೆಂದರೆ ಕತ್ತಲಲ್ಲಿ ಅಡಗಿದ್ದ ಚುಕ್ಕೆಗಳೂ ಬೆಳಗುತ್ತವೆ. ಮೈಬಣ್ಣವನ್ನು ತಿಳಿಗೊಳಿಸುವ ಫಿಲ್ಟರ್‌ನತ್ತ ಕೈ ಹೋಗಲೇಬಾರದು. ಈ ವಿಷಯದ ಅರ್ಧ ಪಾಠವೇ ಜನರನ್ನು ಹೇಗೆ ತೋರಿಸುತ್ತೇವೆ ಎಂಬುದರ ಬಗ್ಗೆ.

ಚೌಕಟ್ಟಿನ ಲೆಕ್ಕವನ್ನು ಅಲ್ಲಿಯೇ ನಿಂತು ಮಾಡಬೇಕು. ಎ4 ಪುಟ 210ಕ್ಕೆ 297 ಮಿಲಿಮೀಟರ್. ಒಂದು ಇಂಚಿಗೆ 300 ಪಿಕ್ಸೆಲ್‌ನಂತೆ 2480ಕ್ಕೆ 3508. ಫೋನಿನ 4:3 ಚಿತ್ರ, 3024ಕ್ಕೆ 4032 ಇದ್ದರೆ, ಪುಟ ತುಂಬಲು ಸಾಕಾಗಿ ಉಳಿಯುತ್ತದೆ, ಪಕ್ಕಗಳಲ್ಲಿ ಸ್ವಲ್ಪ ಕತ್ತರಿಸುತ್ತದೆ. ಡಿಎಸ್ಎಲ್ಆರ್ ಕ್ಯಾಮೆರಾದ 3:2 ಚಿತ್ರ ಪುಟಕ್ಕಿಂತ ಉದ್ದ, ಅದರಲ್ಲಿ ಕತ್ತರಿಸುವುದು ಮೇಲೆ ಅಥವಾ ಕೆಳಗೆ. ಫೋನನ್ನು 16:9ಕ್ಕೆ ಇಟ್ಟು ತೆಗೆದರೆ ಎತ್ತರದ ಐದನೇ ಒಂದು ಭಾಗ ಹೋಗುತ್ತದೆ. ಹೋಗುವುದು ಹೆಸರುಪಟ್ಟಿಗೆ ಬಿಟ್ಟ ಜಾಗವೇ. ಆದ್ದರಿಂದ 4:3, ಫೋನು ಉದ್ದಕ್ಕೆ, ತಲೆಯ ಮೇಲೆ ಚಿತ್ರದ ಕಾಲು ಭಾಗದಷ್ಟು ಖಾಲಿ ಗೋಡೆ. ನೋಡುವಾಗ ಖಾಲಿ ಹೆಚ್ಚಾಯಿತು ಅನ್ನಿಸುತ್ತದೆ. ಅನ್ನಿಸಲಿ.

ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಎಂದು ನಾನು ಒತ್ತಿ ಹೇಳುತ್ತೇನೆ. ಮೊದಲ ಹತ್ತು ಚಿತ್ರ ತೆಗೆದ ಕೂಡಲೇ ಒಂದನ್ನು ಪುಟದೊಳಗಿಟ್ಟು, ಮೊದಲೇ ಮಾಡಿದ ಹೆಸರುಪಟ್ಟಿ ಮತ್ತು ಶೀರ್ಷಿಕೆಗಳನ್ನು ಅದರ ಮೇಲೆ ಹರಡಿ ನೋಡಿದರೆ ಐದು ನಿಮಿಷದಲ್ಲಿ ಎಲ್ಲ ಗೊತ್ತಾಗುತ್ತದೆ. ಕೈ ಶೀರ್ಷಿಕೆಯ ಜಾಗಕ್ಕೆ ಬಂದಿದೆ. ಅಂಗಿಯ ಪಟ್ಟೆಗಳ ಮೇಲೆ ಅಕ್ಷರ ಓದಲು ಆಗುತ್ತಿಲ್ಲ. ಕೆಂಪು ದುಪಟ್ಟಾದ ಮೇಲೆ ಕೆಂಪು ಹೆಸರು. ಮಾಡೆಲ್ ಎದುರಿಗೆ ನಿಂತಿರುವಾಗ ಇದೆಲ್ಲ ಒಂದು ಹೆಜ್ಜೆ ಸರಿದರೆ, ಬಟ್ಟೆ ಬದಲಿಸಿದರೆ ಮುಗಿಯುವ ಕೆಲಸ. ಸೋಮವಾರ ತರಗತಿಯಲ್ಲಿ ಗೊತ್ತಾದರೆ ಇನ್ನೊಂದು ಶನಿವಾರ ಬೇಕು.

ಚಿತ್ರಗಳನ್ನು ಕಳಿಸುವುದರಲ್ಲೂ ನಷ್ಟವಿದೆ. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲಿಗೆ ಇಳಿಯುತ್ತದೆ. ಎ4 ಮುಖಪುಟಕ್ಕೆ ಹಾಕಿದರೆ ಇಂಚಿಗೆ 140 ಕೂಡ ಬರದು, ಕಣ್ರೆಪ್ಪೆ ಕಲಸಿದಂತೆ ಕಾಣುತ್ತದೆ. ಕೇಬಲ್, ಕ್ಲೌಡ್ ಅಥವಾ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಮೂಲ ಫೈಲುಗಳು ಒಂದು ಫೋಲ್ಡರಿನಲ್ಲಿ, ಮುಟ್ಟದ ಹಾಗೆ. ತಿದ್ದಿದವು ಇನ್ನೊಂದರಲ್ಲಿ. ಇವು ತನ್ನ ಚಿತ್ರಗಳೇ ಎಂದು ತೋರಿಸಬೇಕಾಗಿ ಬಂದರೆ ಆ ಮೂಲ ಫೋಲ್ಡರೇ ಆಧಾರ.

ಕನ್ನಡ ಸಂಘದ ರಾಜ್ಯೋತ್ಸವದ ಫೋಟೊಗಳನ್ನು ಬಳಸುವ ಆಸೆ ಅನೇಕ ಮಕ್ಕಳಿಗೆ. ವಿಷಯ ಒಳ್ಳೆಯದು, ಆದರೆ ಅಲ್ಲಿ ಸಿಗುವ ಚಿತ್ರ ಹಾಗೆಯೇ ಕೆಲಸಕ್ಕೆ ಬಾರದು: ವೇದಿಕೆಯ ಬಣ್ಣದ ದೀಪ, ಹಿಂದೆ ಪ್ರಾಯೋಜಕರ ಬ್ಯಾನರ್, ಒಪ್ಪಿಗೆ ಕೇಳಿರದ ಹತ್ತಾರು ಮುಖ. ಅಪ್ಪ ತೆಗೆದದ್ದಾದರೆ ಅದು ವಿದ್ಯಾರ್ಥಿಯ ಕೆಲಸವೇ ಅಲ್ಲ. ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲು ಹೋಗಿ, ಯಕ್ಷಗಾನದ ವೇಷ ಹಾಕಿಕೊಳ್ಳುತ್ತಿರುವ ಒಬ್ಬರನ್ನು ಕೇಳಿ, ಕಿಟಕಿಯ ಬಳಿ ಕೂರಿಸಿ ತೆಗೆದರೆ ಬೇರೆಯೇ ಪುಟವಾಗುತ್ತದೆ. ಸೀರೆ, ವೇಷ, ಹೂವು ಬರೀ ಅಲಂಕಾರವಾಗಿ ಬಂದರೆ ಅಂಕವಿಲ್ಲ. ಆ ವ್ಯಕ್ತಿ ಏನು ಬಲ್ಲವರು, ಏನು ಮಾಡುತ್ತಿದ್ದಾರೆ ಎಂಬುದು ಚಿತ್ರದಲ್ಲಿ ಕಾಣಬೇಕು.

ಇಲ್ಲಿಂದ ಮುಂದೆ ಪುಟ ಜೋಡಿಸುವುದು. ಇನ್‌ಡಿಸೈನ್, ಅಫಿನಿಟಿ, ಫೋಟೊಪಿಯಾ, ಯಾವುದಾದರೂ ಆದೀತು. ಕ್ಯಾನ್ವಾದ ಸಿದ್ಧ ಟೆಂಪ್ಲೇಟ್ ಮಾತ್ರ ಬೇಡ, ವಿನ್ಯಾಸದ ನಿರ್ಧಾರವೇ ಬೇರೆಯವರದಾದರೆ ಅಂಕ ಯಾವುದಕ್ಕೆ ಕೊಡುವುದು? ಕೃತಕ ಬುದ್ಧಿಮತ್ತೆಯಿಂದ ಚಿತ್ರ, ಲೇಖನ ಮಾಡಿಸಿ ತನ್ನದೆಂದು ಒಪ್ಪಿಸುವುದು ನಿಯಮದ ಉಲ್ಲಂಘನೆ. ಲೇಖನ 9ರಿಂದ 10 ಪಾಯಿಂಟ್, ಕಾಲಮ್ಮುಗಳ ನಡುವೆ 5 ಮಿಲಿಮೀಟರ್, ಎರಡು ಪುಟ ಮಡಚುವ ಜಾಗದಲ್ಲಿ ಮುಖವಾಗಲಿ ಅಕ್ಷರವಾಗಲಿ ಬಾರದಂತೆ. ಬೆಲೆ, ದಿನಾಂಕ, ಬಾರ್‌ಕೋಡ್, ಪುಟಸಂಖ್ಯೆ, ಬರೆದವರ ಹೆಸರಿನ ಸಾಲು ಸಣ್ಣವು. ಅವು ಇಲ್ಲದಿದ್ದರೆ ಪುಟ ಪೋಸ್ಟರಿನಂತೆ ಕಾಣುತ್ತದೆ.

ಕೃತಿಯ ಜೊತೆ ಒಪ್ಪಿಸುವ ಉದ್ದೇಶಪತ್ರದ ಬಗ್ಗೆಯೂ ಹೇಳಬೇಕು. ಮಂಡಳಿಯನ್ನು ನೋಡಿಕೊಂಡು 250ರಿಂದ 300 ಪದ. ಎಡ್ಯುಕಾಸ್‌ನಲ್ಲಿ 60ರಲ್ಲಿ 10 ಅಂಕ ಇದಕ್ಕೇ. “ಯುವಜನರಿಗೆ ಇಷ್ಟವಾಗುವಂತೆ ಗಾಢ ಬಣ್ಣ ಬಳಸುತ್ತೇನೆ” ಎಂಬ ವಾಕ್ಯ ಏನನ್ನೂ ಹೇಳುವುದಿಲ್ಲ. “ಮಾಡೆಲ್ ನೇರವಾಗಿ ಓದುಗರ ಕಣ್ಣಿಗೆ ಕಣ್ಣಿಟ್ಟು ನೋಡುವ ಮಿಡ್ ಶಾಟ್, ಕೆಲಸದ ಏಪ್ರನ್ ಧರಿಸಿರುವುದು ಆಕೆಯನ್ನು ಹೋಟೆಲಿನ ಒಡತಿಯಾಗಿ ತೋರಿಸಲು, ಅಡುಗೆಮನೆಯ ಗೃಹಿಣಿ ಎಂಬ ರೂಢಿಯ ಚಿತ್ರಣಕ್ಕೆ ಎದುರಾಗಿ” ಎಂದರೆ ಆಯ್ಕೆ, ಕಾರಣ, ಪರಿಣಾಮ ಮೂರೂ ಬಂದವು. ಇದನ್ನು ಬರೆಯಬೇಕಾದದ್ದು ಫೋಟೊ ದಿನಕ್ಕೆ ಮೊದಲು. ಬರೆದದ್ದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಏಪ್ರನ್ ಮನೆಯಲ್ಲೇ ಉಳಿಯುವುದಿಲ್ಲ.

ಶಿಕ್ಷಕರು ಸಾಮಾನ್ಯ ಸಲಹೆ ಕೊಡಬಹುದು, ಇಲ್ಲಿ ಹೀಗೆ ತಿದ್ದು ಎಂದು ಸಾಲುಸಾಲಾಗಿ ಹೇಳುವಂತಿಲ್ಲ. ಆದ್ದರಿಂದ ಕೊನೆಯ ತಪಾಸಣೆ ವಿದ್ಯಾರ್ಥಿಯದೇ. ಒಪ್ಪಿಸುವುದಕ್ಕೆ ಒಂದು ವಾರ ಮೊದಲು ಪುಟಗಳನ್ನು ಎ4ರಲ್ಲಿ ಬಣ್ಣದಲ್ಲಿ ಮುದ್ರಿಸಬೇಕು. ಪರದೆಯ ಮೇಲೆ ಹೊಳೆಯುವ ಚಿತ್ರ ಕಾಗದದ ಮೇಲೆ ಕಪ್ಪಾಗುತ್ತದೆ, 14 ಪಾಯಿಂಟಿನ ಲೇಖನ ಮಕ್ಕಳ ಪುಸ್ತಕದಂತೆ ಕಾಣುತ್ತದೆ, ಮುಖಪುಟದಲ್ಲಿ 24ನೇ ಪುಟ ಎಂದದ್ದು ಒಳಗೆ 36 ಆಗಿರುತ್ತದೆ. ತಿದ್ದಿದ ಮೇಲೆ ಫಾಂಟುಗಳು ಒಳಸೇರಿದ ಪಿಡಿಎಫ್ ಮಾಡಿ, ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ, ಆಮೇಲೆ ಸಹಿ ಹಾಕಿದ ಹಾಳೆಯ ಜೊತೆ ಕೊಡಬೇಕು.