ಅಪ್ಪನಿಗೆ ಓದಿ ಹೇಳಿದ ಕೊನೆಯ ಮಾಂಕ್

ಮಾಂಕ್ ಸರಣಿಯ ಕೊನೆಯ ಕಾದಂಬರಿ ಮೊನ್ನೆ ರಾತ್ರಿ ಮುಗಿಯಿತು. ಆಟಿ ತಿಂಗಳ ಮಳೆ. ಸಂಜೆ ಐದಕ್ಕೆ ಹೋದ ಕರೆಂಟ್ ವಾಪಸ್ ಬಂದಿರಲಿಲ್ಲ, ಎಮರ್ಜೆನ್ಸಿ ಲೈಟ್ ಕೂಡ ಮಂಕಾಗಿ ಆರಿಹೋಗಿತ್ತು, ಕೊನೆಯ ಹತ್ತು ಪುಟ ಮೊಬೈಲ್ ಟಾರ್ಚ್‌ನಲ್ಲಿ ಓದಿದೆ. ಓದಿ ಪುಸ್ತಕ ಮಡಚಿಟ್ಟೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನದು ಯಾವಾಗ ತರಿಸುತ್ತಿ?" ಎಂದರು.

"ಮುಂದಿನದು ಇಲ್ಲ ಅಪ್ಪಾ, ಇದೇ ಕೊನೇದು."

"ಕೊನೇದು ಅಂದರೆ? ಅವನಿನ್ನೂ ಹಾಗೇ ಇದ್ದಾನಲ್ಲ."

ಆ ಮಾತು ಎರಡು ದಿನದಿಂದ ತಲೆಯಲ್ಲಿ ಕೂತಿದೆ. ಪಕ್ಕದ ಮನೆಯವರ ಜನರೇಟರ್‌ನಲ್ಲಿ ಫೋನ್ ಚಾರ್ಜ್ ಮಾಡಿಕೊಂಡು ಬಂದು ಇದನ್ನು ಬರೆಯುತ್ತಿದ್ದೇನೆ.

'ಮಾಂಕ್' ಅಂತ ಅಮೆರಿಕದ ಒಂದು ಟಿವಿ ಸೀರಿಯಲ್ ಇತ್ತು, ನಿಮ್ಮಲ್ಲಿ ಕೆಲವರು ನೋಡಿರಬಹುದು. 2002ರ ಜುಲೈಯಲ್ಲಿ ಶುರುವಾಗಿ 2009ರ ಡಿಸೆಂಬರ್‌ನಲ್ಲಿ ಮುಗಿಯಿತು. ಎಂಟು ಸೀಸನ್, 125 ಎಪಿಸೋಡ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೊಲೀಸ್ ಡಿಟೆಕ್ಟಿವ್ ಆಗಿದ್ದ ಏಡ್ರಿಯನ್ ಮಾಂಕ್, ಹೆಂಡತಿ ಟ್ರೂಡಿ ಕಾರ್ ಬಾಂಬ್‌ಗೆ ಬಲಿಯಾದ ಮೇಲೆ ಮನಸ್ಸು ಕುಸಿದು ಕೆಲಸ ಕಳೆದುಕೊಳ್ಳುತ್ತಾನೆ. ಮೊದಲೇ ಇದ್ದ ಗೀಳು ಕಾಯಿಲೆ ಆಮೇಲೆ ಅವನನ್ನು ಪೂರ್ತಿ ಹಿಡಿದುಬಿಡುತ್ತದೆ. ಕೊಳೆ ಭಯ, ರೋಗಾಣು ಭಯ, ಎತ್ತರದ ಭಯ, ಹಾಲು ಕಂಡರೂ ಭಯ. ಆದರೆ ಬೇರೆಯವರ ಕಣ್ಣಿಗೆ ಬೀಳದ್ದು ಅವನ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಕೊಲೆ ಕೇಸ್ ಬಂದಾಗ ಪೊಲೀಸರು ಅವನನ್ನೇ ಕರೆಯುತ್ತಾರೆ. ಟೋನಿ ಶಲೂಬ್ ಮಾಡಿದ ಪಾತ್ರ, ಅದಕ್ಕೆ ಮೂರು ಸಲ ಎಮ್ಮಿ ಪ್ರಶಸ್ತಿ ಬಂತು.

ಈ ಸೀರಿಯಲ್ ಇಟ್ಟುಕೊಂಡು 19 ಕಾದಂಬರಿ ಬಂದಿವೆ. ಮೊದಲನೆಯದು 2006ರಲ್ಲಿ, ಕೊನೆಯದು 2015ರ ಜನವರಿಯಲ್ಲಿ. ಮೊದಲ 15 ಬರೆದದ್ದು ಲೀ ಗೋಲ್ಡ್‌ಬರ್ಗ್, ಅವರು ಸೀರಿಯಲ್‌ಗೂ ಕೆಲವು ಎಪಿಸೋಡ್ ಬರೆದವರು. ಕೊನೆಯ ನಾಲ್ಕನ್ನು ಬರೆದದ್ದು ಸೀರಿಯಲ್ ಶುರುವಾದಾಗಿನಿಂದ ಅದರ ಜೊತೆಗಿದ್ದ ಹೈ ಕಾನ್ರಾಡ್. ನಾವು ಮೊನ್ನೆ ಮುಗಿಸಿದ್ದು ಹತ್ತೊಂಬತ್ತನೆಯದು, 'ಮಿಸ್ಟರ್ ಮಾಂಕ್ ಅಂಡ್ ದ ನ್ಯೂ ಲೆಫ್ಟಿನೆಂಟ್'.

ಇನ್ನು ಅಪ್ಪ. ಅಪ್ಪ ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಗುಮಾಸ್ತ ಆಗಿದ್ದವರು. ಲೆಕ್ಕ, ಹಾಜರಿ, ಕಣದಲ್ಲಿ ಚೆರಿ ಒಣಗಿಸುವುದು, ಗೋಡೌನ್ ಬೀಗ, ಎಲ್ಲಾ ಅವರ ಕೈಯಲ್ಲಿ. ಬೀಗ ಹಾಕಿ ಅರ್ಧ ದಾರಿ ಬಂದು ವಾಪಸ್ ಹೋಗಿ ಎಳೆದು ನೋಡುತ್ತಿದ್ದರು. ಒಂದು ಸಲ ಅಲ್ಲ, ಏಳು ಸಲ. ಮನೆಗೆ ಬಂದ ಮೇಲೆ ಕೈ ತೊಳೆಯುವುದು. ಬಚ್ಚಲಲ್ಲಿ ಹಂಡೆ ನೀರು ಖಾಲಿಯಾಗುವ ತನಕ ತೊಳೆಯುತ್ತಿದ್ದರು. ಮಳೆಗಾಲದಲ್ಲಿ ಬೆರಳ ಸಂದಿ ಒಡೆದು ರಕ್ತ ಬರುತ್ತಿತ್ತು, ಅವ್ವ ರಾತ್ರಿ ತೆಂಗಿನೆಣ್ಣೆ ಹಚ್ಚಿದರೆ ಎಣ್ಣೆಯ ಜಿಡ್ಡು ಅಂತ ಎದ್ದು ಮತ್ತೆ ತೊಳೆಯುತ್ತಿದ್ದರು. ಊರಲ್ಲಿ ಇದಕ್ಕೆ ಇದ್ದ ಹೆಸರು "ಅವರಿಗೆ ಶುದ್ಧ ಜಾಸ್ತಿ" ಅಂತ. ಅಷ್ಟೇ. ಕಾಯಿಲೆ ಅಂತ ಯಾರೂ ಹೇಳಲಿಲ್ಲ, ನಮಗೂ ಗೊತ್ತಿರಲಿಲ್ಲ. ನಾನು ಡಿಗ್ರಿ ಓದುವಾಗ ಒಂದು ಸಂಜೆ ಡಿಶ್‌ನಲ್ಲಿ ಈ ಸೀರಿಯಲ್ ಸಿಕ್ಕಿತು. ಅದರಲ್ಲಿ ಮಾಂಕ್ ಒಬ್ಬರ ಕೈ ಕುಲುಕಿದ ತಕ್ಷಣ ಹಿಂದೆ ನಿಂತವಳು ಏನೂ ಮಾತಾಡದೆ ಒರೆಸುವ ಬಟ್ಟೆ ಕೊಡುತ್ತಾಳೆ. ನಾನು ಅವ್ವನ ಮುಖ ನೋಡಿದೆ. ಅವ್ವ ಬಚ್ಚಲ ಬಾಗಿಲಲ್ಲಿ ಒಗೆದ ಬಿಳಿ ಬಟ್ಟೆ ಹಿಡಿದು ನಿಲ್ಲುತ್ತಿದ್ದದ್ದು ಹಾಗೇ ಅಲ್ವಾ.

ಆ ಬಟ್ಟೆ ಕೊಡುವವಳ ಹೆಸರು ನ್ಯಾಟಲಿ ಟೀಗರ್, ಮಾಂಕ್‌ನ ಸಹಾಯಕಿ. ಗಂಡ ಯುದ್ಧದಲ್ಲಿ ತೀರಿಕೊಂಡಿದ್ದಾನೆ, ಒಬ್ಬಳು ಮಗಳಿದ್ದಾಳೆ, ಸಂಬಳ ಕಡಿಮೆ, ಮಾಂಕ್ ಜೊತೆಗೆ ಇಡೀ ದಿನ ಓಡಾಡಬೇಕು. ಸೀರಿಯಲ್‌ನಲ್ಲಿ ಕ್ಯಾಮೆರಾ ಮಾಂಕ್ ಮೇಲೆ ಇರುತ್ತದೆ, ಅವನ ಕಷ್ಟ ನೋಡಿ ನಗು ಬರುವ ಹಾಗೆ ಮಾಡಿದ್ದಾರೆ. ಕಾದಂಬರಿಗಳಲ್ಲಿ ಕಥೆ ಹೇಳುವವಳೇ ನ್ಯಾಟಲಿ. 'ನಾನು' ಅಂದರೆ ಅವಳು. ಕಾಯಿಲೆಯವರ ಪಕ್ಕದಲ್ಲಿ ನಿಂತವರಿಗೆ ಸುಸ್ತಾಗುತ್ತದೆ, ಸಿಟ್ಟು ಬರುತ್ತದೆ, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಗುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಇದನ್ನು ಇಷ್ಟು ಹತ್ತಿರದಿಂದ ಹೇಳಿದ ಬೇರೆ ಪತ್ತೇದಾರಿ ಕಥೆ ನಾನು ಓದಿಲ್ಲ. ಕೊಲೆ ಯಾರು ಮಾಡಿದ್ದು ಅನ್ನೋದು ನನಗೆ ಎಷ್ಟೋ ಪುಸ್ತಕದಲ್ಲಿ ಮರೆತೇ ಹೋಗಿದೆ.

ಅಪ್ಪನಿಗೆ ಇವನ್ನು ಓದಿ ಹೇಳಲು ಶುರುಮಾಡಿದ್ದು 2013ರ ಮಳೆಗಾಲದಲ್ಲಿ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಯಲ್ಲಿ ಮೊದಲ ಎರಡು ಸಿಕ್ಕಿದ್ದವು. ಹಳೆ ಪುಸ್ತಕ ಅಪ್ಪ ಮುಟ್ಟುವುದಿಲ್ಲ. ನಮ್ಮಲ್ಲಿ ಜೂನ್ ಕಳೆದರೆ ಹೊಸ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಅದನ್ನೂ ಮುಟ್ಟುವುದಿಲ್ಲ. ಸರಿ, ನಾನೇ ಹಿಡಿದು, ಇಂಗ್ಲಿಷ್ ಓದುತ್ತಾ ಅಲ್ಲಲ್ಲೇ ಕನ್ನಡದಲ್ಲಿ ಹೇಳುತ್ತಾ ಹೋದೆ. ನಂಬರ್ ತಪ್ಪಿಸಿ ಓದಲು ಅವರು ಬಿಡಲಿಲ್ಲ. ಏಳನೆಯದು ಸಿಗದೆ ಒಂದು ವರ್ಷ ಪೂರ್ತಿ ನಿಂತೆವು, ಎಂಟನೆಯದು ಕಪಾಟಿನಲ್ಲಿ ಇದ್ದರೂ. ಮಾಂಕ್‌ನ ಹಣ ಎಲ್ಲಾ ಒಬ್ಬ ಮೋಸಗಾರನ ಸ್ಕೀಮ್‌ನಲ್ಲಿ ಮುಳುಗಿಹೋಗುವ ಹತ್ತನೆಯ ಪುಸ್ತಕ ಅವರಿಗೆ ತುಂಬಾ ಇಷ್ಟ, ಲೆಕ್ಕದವರಲ್ವಾ. 2018ರಲ್ಲಿ ಒಂದೂ ಓದಲಿಲ್ಲ. ಆ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಎಷ್ಟೋ ಜನರ ಮನೆ ತೋಟ ಹೋದ ಮೇಲೆ, ಮಳೆ ಸದ್ದು ಕೇಳಿದರೆ ನಿದ್ದೆ ಬರುತ್ತಿರಲಿಲ್ಲ, ಇನ್ನು ಪುಸ್ತಕ ಎಲ್ಲಿ ಬರುತ್ತದೆ.

ಹನ್ನೊಂದನೆಯ ಪುಸ್ತಕದ ವಿಷಯ ಸ್ವಲ್ಪ ಹೇಳಬೇಕು. ಮಾಂಕ್‌ಗೆ ಆಂಬ್ರೋಸ್ ಅಂತ ಅಣ್ಣ ಇದ್ದಾನೆ, ಮನೆಯಿಂದ ಹೊರಗೆ ಕಾಲಿಡಲಾರದವನು. ಸೀರಿಯಲ್‌ನಲ್ಲಿ ಮೊದಲು ಬರುವಾಗ 32 ವರ್ಷದಿಂದ ಮನೆಯೊಳಗೇ ಇದ್ದಾನೆ. ಹನ್ನೊಂದನೆಯದರಲ್ಲಿ ಅವನ ಹುಟ್ಟುಹಬ್ಬಕ್ಕೆ ನಿದ್ದೆ ಮಾತ್ರೆ ಕೊಟ್ಟು, ಮಲಗುವ ಸೌಕರ್ಯ ಇರುವ ದೊಡ್ಡ ವ್ಯಾನ್‌ಗೆ ಹಾಕಿಕೊಂಡು ಊರು ತೋರಿಸಲು ಹೊರಟುಬಿಡುತ್ತಾರೆ. ನನಗೆ ಅದು ಚೆನ್ನಾಗಿದೆ ಅನಿಸಿತು. ಅಪ್ಪ "ನಿಲ್ಲಿಸು" ಎಂದರು. ಎರಡು ದಿನ ಓದಲು ಬಿಡಲಿಲ್ಲ.

ಯಾಕೆ ಅಂತ ನನಗೆ ಗೊತ್ತಿತ್ತು. 2012ರಲ್ಲಿ ನಾವು ಅಪ್ಪನನ್ನು ಡಾಕ್ಟರಿಗೆ ತೋರಿಸಿದ್ದು ಸುಳ್ಳು ಹೇಳಿ. ಮೈಸೂರಲ್ಲಿ ನೆಂಟರ ಮದುವೆ ಅಂತ ಕಾರು ಹತ್ತಿಸಿದೆವು. ಕುಶಾಲನಗರ ದಾಟಿ ಬೈಲಕುಪ್ಪೆ ಬರುವ ತನಕ ಅಪ್ಪ ಏನೂ ಹೇಳಲಿಲ್ಲ. ಹುಣಸೂರಿನಲ್ಲಿ ಕಾಫಿಗೆ ನಿಲ್ಲಿಸಿದಾಗ ಇಳಿಯದೆ ಕೂತೇ ಹೇಳಿದರು: "ಮದುವೆಗೆ ಹೋಗುವವಳು ಸರ ಹಾಕಿಲ್ಲ. ಮುಯ್ಯಿ ಕವರ್ ಯಾರ ಕೈಯಲ್ಲೂ ಇಲ್ಲ. ನನ್ನ ಹಳೆ ಡಾಕ್ಟರ್ ಚೀಟಿಗಳ ಫೈಲು ಮಾತ್ರ ನಿನ್ನ ಬ್ಯಾಗಿನಲ್ಲಿದೆ." ಅವ್ವ ಅಳಲು ಶುರುಮಾಡಿದಳು. ಅಪ್ಪ ವಾಪಸ್ ಹೋಗೋಣ ಅನ್ನಲಿಲ್ಲ, ಬಂದರು. ಆದರೆ ಆ ಮೋಸವನ್ನು ಅವರು ಮರೆತಿರಲಿಲ್ಲ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಹನ್ನೊಂದನೆಯ ಪುಸ್ತಕ ಓದುವಾಗ. ಮೂರನೇ ದಿನ ನಾನೇ ಹೋಗಿ "ಅಪ್ಪಾ, ಆವತ್ತು ಹೇಳಿಯೇ ಕರೆದುಕೊಂಡು ಹೋಗಬೇಕಿತ್ತು, ತಪ್ಪಾಯಿತು" ಎಂದೆ. "ಹೇಳಿದ್ದರೆ ನಾನು ಬರುತ್ತಿರಲಿಲ್ಲ" ಎಂದರು. ಆಮೇಲೆ "ಓದು" ಎಂದರು.

ಡಾಕ್ಟರು ಮಾತ್ರೆ ಕೊಟ್ಟರು, ಜೊತೆಗೆ ಒಂದು ಅಭ್ಯಾಸ ಹೇಳಿಕೊಟ್ಟರು. ಭಯ ಆಗುವ ವಸ್ತು ಮುಟ್ಟಬೇಕು, ಮುಟ್ಟಿ ಕೈ ತೊಳೆಯದೆ ಕಾಯಬೇಕು, ತಳಮಳ ಮೇಲೇರಿ ತಾನಾಗಿ ಇಳಿಯುವ ತನಕ. ಮನೆಯವರಿಗೆ ಹೇಳಿದ್ದು ಇನ್ನೂ ಕಷ್ಟದ್ದು. ಬಟ್ಟೆ ಹಿಡಿದು ನಿಲ್ಲಬೇಡಿ. ಬೀಗ ಹಾಕಿದೆಯಾ ಅಂತ ಕೇಳಿದರೆ ಹತ್ತು ಸಲ ಹೂಂ ಅನ್ನಬೇಡಿ. ಪ್ರೀತಿಯಿಂದ ಕೊಡುವ ಸಹಾಯವೇ ಕಾಯಿಲೆಗೆ ಊಟ ಹಾಕುತ್ತದೆ ಅಂತ. ಅವ್ವನಿಗೆ ಇದು ಕೊನೆಯ ತನಕ ಒಪ್ಪಿಗೆಯಾಗಲಿಲ್ಲ. ನನಗೂ ಪ್ರತಿ ಸಲ ನ್ಯಾಟಲಿ ಚೀಲದಿಂದ ಬಟ್ಟೆ ತೆಗೆದು ಕೊಡುವ ಜಾಗ ಬಂದಾಗ ಎದೆಯಲ್ಲಿ ಎರಡು ಮಾತು ಒಟ್ಟಿಗೆ ಏಳುತ್ತಿದ್ದವು. ಕೊಡಬೇಡ ಮಾರಾಯ್ತಿ. ಅಯ್ಯೋ ಬೇಗ ಕೊಡು.

ಸೀರಿಯಲ್‌ನ ಒಂದು ಎಪಿಸೋಡ್ ಮೇಲೆ ನನಗೆ ಇವತ್ತಿಗೂ ಸಿಟ್ಟು. ಮೂರನೇ ಸೀಸನ್‌ನಲ್ಲಿ ಮಾಂಕ್ ಮಾತ್ರೆ ತೆಗೆದುಕೊಳ್ಳುತ್ತಾನೆ, ಭಯ ಎಲ್ಲಾ ಹೋಗುತ್ತದೆ, ಜೊತೆಗೆ ಪತ್ತೆ ಮಾಡುವ ಬುದ್ಧಿಯೂ ಹೋಗುತ್ತದೆ. ಅಪ್ಪ ಅದನ್ನೇ ಹಿಡಿದುಕೊಂಡು ಆರು ತಿಂಗಳು ಮಾತ್ರೆ ಬೇಡ ಅಂದರು, ಲೆಕ್ಕ ಮರೆತುಹೋಗುತ್ತದೆ ಅಂತ. ಮಾತ್ರೆ ತೆಗೆದುಕೊಂಡ ಮೇಲೂ ಅವರ ಲೆಕ್ಕ ಒಂದು ಪೈಸೆ ತಪ್ಪಲಿಲ್ಲ. ಮನೆಯಲ್ಲಿ ಗೀಳು ಕಾಯಿಲೆ ಇರುವವರು ಈ ಸೀರಿಯಲ್ ನೋಡುವುದಾದರೆ ಇದನ್ನು ದಯವಿಟ್ಟು ನಂಬಬೇಡಿ. 2020ರಲ್ಲಿ ಕೋವಿಡ್ ಬಂದು ಊರಿಗೆಲ್ಲ ಕೈ ತೊಳೆಯಿರಿ ಅಂತ ಮೈಕಲ್ಲಿ ಕೂಗಿದಾಗ, ಎಂಟು ವರ್ಷದಲ್ಲಿ ಕಷ್ಟಪಟ್ಟು ಗಳಿಸಿದ್ದು ಒಂದೇ ತಿಂಗಳಲ್ಲಿ ಹೋಯಿತು. ಮತ್ತೆ ಮೊದಲಿಂದ ಶುರುಮಾಡಿದೆವು. ಆ ವರ್ಷವೇ ಅವ್ವ ಹೋದಳು.

ಈಗ ಕೊನೆಯ ಪುಸ್ತಕ. ಕ್ಯಾಪ್ಟನ್ ಸ್ಟಾಟಲ್‌ಮೈಯರ್‌ಗೆ ಯಾರೋ ವಿಷ ಹಾಕಿದ್ದಾರೆ. ಮಾಂಕ್‌ನ ಕಷ್ಟದ ದಿನಗಳಲ್ಲಿ ಜೊತೆಗೆ ನಿಂತ ಪೊಲೀಸ್ ಅಧಿಕಾರಿ ಅವರು. ಹಳೆ ಲೆಫ್ಟಿನೆಂಟ್ ಡಿಶರ್ ನ್ಯೂಜೆರ್ಸಿಗೆ ಹೋಗಿ ಪೊಲೀಸ್ ಮುಖ್ಯಸ್ಥ ಆಗಿದ್ದಾನೆ, ಅವನ ಜಾಗಕ್ಕೆ ಬಂದ ಹೊಸಬನನ್ನು ಕಂಡರೆ ಮಾಂಕ್‌ಗೆ ಆಗುವುದಿಲ್ಲ. ಕೊಲೆಗಾರ ಯಾರು ಅಂತ ನಾನು ಹೇಳುವುದಿಲ್ಲ, ಓದಿ. ಪತ್ತೇದಾರಿಯಾಗಿ ಇದು ಈ ಸರಣಿಯ ಅತ್ಯುತ್ತಮ ಪುಸ್ತಕ ಅಂತ ನನಗೆ ಅನಿಸಲಿಲ್ಲ. ಆದರೆ ನ್ಯಾಟಲಿ ಈಗ ಲೈಸೆನ್ಸ್ ಇರುವ ಡಿಟೆಕ್ಟಿವ್. 'ಮಾಂಕ್ ಅಂಡ್ ಟೀಗರ್' ಅಂತ ಇಬ್ಬರದೂ ಹೆಸರಿರುವ ಆಫೀಸು. ಲೈಸೆನ್ಸ್ ಅವಳದ್ದಾದ್ದರಿಂದ ಕಾಗದದ ಮೇಲೆ ಅವಳೇ ಯಜಮಾನಿ. ಆದರೂ ಬಟ್ಟೆ ಕೊಡುವುದು ಅವಳೇ. ಟ್ರೂಡಿಯನ್ನು ಕೊಂದವನು ಯಾರು ಅನ್ನುವುದು 2009ರಲ್ಲೇ, ಸೀರಿಯಲ್‌ನ ಕೊನೆಯ ಎಪಿಸೋಡ್‌ನಲ್ಲಿ ಗೊತ್ತಾಗಿದೆ. ದೊಡ್ಡ ಗಾಯಕ್ಕೆ ಉತ್ತರ ಸಿಕ್ಕ ಮೇಲೂ ದಿನದಿನದ ಕಾಯಿಲೆ ಇದ್ದೇ ಇದೆ. ಆ ಮೇಲಿನ ಪುಸ್ತಕಗಳು ನಡೆಯುವುದು ಅಲ್ಲಿ, ಅದಕ್ಕೇ ಅವು ನನಗೆ ಜಾಸ್ತಿ ಹತ್ತಿರ. ಕೊನೆಯದರಲ್ಲೂ ಮಾಂಕ್ ವಾಸಿಯಾಗುವುದಿಲ್ಲ, ನ್ಯಾಟಲಿ ಬಿಟ್ಟು ಹೋಗುವುದಿಲ್ಲ. ಅಪ್ಪ ಹೇಳಿದ್ದು ಸರಿ, ಅವನಿನ್ನೂ ಹಾಗೇ ಇದ್ದಾನೆ.

2023ರ ಡಿಸೆಂಬರ್‌ನಲ್ಲಿ ಒಂದು ಸಿನಿಮಾ ಬಂತು, ಅದೇ ನಟರು. ಅದರ ವಿಷಯ ಅಪ್ಪನಿಗೆ ನಾನು ಹೇಳಿರಲಿಲ್ಲ. ಯಾಕೆಂದರೆ ಸಿನಿಮಾ ಪುಸ್ತಕಗಳ ದಾರಿ ಹಿಡಿದಿಲ್ಲ. ಅಲ್ಲಿ ನ್ಯಾಟಲಿ ಅಟ್ಲಾಂಟಾದಲ್ಲಿ ಇದ್ದಾಳೆ, ಮನೆ ಮಾರಿಸುವ ಕೆಲಸ. ಕೋವಿಡ್ ಕಳೆದ ಮೇಲೆ ಮಾಂಕ್ ಬಹಳ ಕುಗ್ಗಿಹೋಗಿದ್ದಾನೆ. ಎರಡರಲ್ಲಿ ಯಾವುದು ನಿಜವಾದ ಕೊನೆ ಅಂತ ಕೇಳಿದರೆ ನನ್ನ ಮಟ್ಟಿಗೆ ಪುಸ್ತಕದ್ದೇ. ಆದರೆ "ಕೊನೇದು ಅಂದರೆ?" ಅಂತ ಅಪ್ಪ ಕತ್ತಲಲ್ಲಿ ಕೇಳಿದಾಗ ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಹುಣಸೂರು ನೆನಪಾಯಿತು. ಎಲ್ಲಾ ಹೇಳಿದೆ.

ಅಪ್ಪ ಎದ್ದು ಬಚ್ಚಲಿಗೆ ಹೋದರು. ನೀರು ಬಿಡುವ ಸದ್ದು. ನಾನು ಏಳಲಿಲ್ಲ, ಕೂತಲ್ಲೇ ಎಣಿಸಿದೆ, ಡಾಕ್ಟರು ಹೇಳಿಕೊಟ್ಟ ಹಾಗೆ. ನಲವತ್ತಕ್ಕೆ ನೀರು ನಿಂತಿತು. ಮತ್ತೆ ಶುರುವಾಗಲಿಲ್ಲ. ಪಂಚೆಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತು ಕೇಳಿದರು.

"ಸಿನಿಮಾದಲ್ಲಿ ಅವನಿಗೆ ಬಟ್ಟೆ ಯಾರು ಕೊಡುತ್ತಾರೆ?"

ಕರೆಂಟ್ ಬರಲಿ ಅಪ್ಪಾ, ಒಟ್ಟಿಗೆ ಕೂತು ನೋಡೋಣ ಎಂದೆ. ಇವತ್ತಿಗೆ ಮೂರನೇ ದಿನ, ಕರೆಂಟ್ ಇನ್ನೂ ಬಂದಿಲ್ಲ.