ಲಸಿಕೆ ಹಾಕಿದ ದನಕ್ಕೂ ಕಾಲುಬಾಯಿ ಜ್ವರ ಯಾಕೆ?

"ಇಂಜೆಕ್ಷನ್ ಕೊಡಿಸಿದ್ದೆವು, ಆದರೂ ಬಂತಲ್ಲ!" ಕಾಲುಬಾಯಿ ಜ್ವರ ಹಬ್ಬಿದಾಗ ಕಾರ್ಕಳ, ಬ್ರಹ್ಮಾವರ ಕಡೆಯ ಹಾಲಿನ ಸೊಸೈಟಿಗಳಲ್ಲಿ ಏಳುವ ಮೊದಲ ಮಾತು ಇದು. ಲಸಿಕೆಯೇ ಸರಿಯಿಲ್ಲ ಎನ್ನುವ ಮೊದಲು ಈ ವೈರಸ್ಸಿನ ಸ್ವಭಾವ ತಿಳಿದಿರಬೇಕು.

ಇದರಲ್ಲಿ ಏಳು ಬಗೆ: ಓ, ಎ, ಸಿ, ಏಷ್ಯಾ-1, ಸ್ಯಾಟ್-1, 2, 3. ಓ ಬಗೆ ಬಂದು ವಾಸಿಯಾದ ದನಕ್ಕೆ ಎ ಬಗೆ ಮತ್ತೆ ತಗಲಬಹುದು, ಒಂದರ ಪ್ರತಿಕಾಯ (ವೈರಸ್ಸನ್ನು ತಡೆಯಲು ದನದ ದೇಹ ಹುಟ್ಟಿಸುವ ವಸ್ತು) ಇನ್ನೊಂದನ್ನು ತಡೆಯುವುದಿಲ್ಲ. ಸಿ ಬಗೆ 1995ರ ನಂತರ ಭಾರತದಲ್ಲಿ ಕಂಡಿಲ್ಲ. ಹಾಗಾಗಿ ನಮ್ಮ ಲಸಿಕೆಯಲ್ಲಿರುವುದು ಓ, ಎ, ಏಷ್ಯಾ-1 ಮಾತ್ರ. ದೇಶದಲ್ಲಿ ಹೆಚ್ಚಾಗಿ ಕಾಡುವುದು ಓ. 2013ರಲ್ಲಿ ಕರ್ನಾಟಕದ ಹಟ್ಟಿಗಳನ್ನು ಖಾಲಿ ಮಾಡಿದ್ದೂ ಅದೇ.

ತೊಡಕು ಇರುವುದು ಒಂದೇ ಬಗೆಯೊಳಗಿನ ವೈರಸ್ ತಳಿಗಳಲ್ಲಿ. ವೈರಸ್ಸಿನ ಚಿಪ್ಪಿನ ಹೊರಮೈ ವಿಪಿ1, ವಿಪಿ2, ವಿಪಿ3 ಎಂಬ ಪ್ರೋಟೀನುಗಳದ್ದು. ವಿಪಿ1ರಲ್ಲಿ ಸುಮಾರು 140ರಿಂದ 160ರವರೆಗಿನ ಅಮೈನೋ ಆಮ್ಲಗಳು (ಪ್ರೋಟೀನಿನ ಸರದ ಮಣಿಗಳು) ಕುಣಿಕೆಯ ಹಾಗೆ ಹೊರಚಾಚಿವೆ. ವೈರಸ್ ಜೀವಕೋಶಕ್ಕೆ ಅಂಟುವುದು ಅಲ್ಲಿ, ಪ್ರತಿಕಾಯ ಅದನ್ನು ಹಿಡಿಯುವ ಮುಖ್ಯ ಜಾಗಗಳಲ್ಲಿ ಒಂದೂ ಅದೇ. ಅಲ್ಲಿ ಒಂದೆರಡು ಬದಲಾದರೆ ಹಿಡಿತ ಸಡಿಲ. ಎ ಬಗೆಯಂತೂ ಬಲು ಚಂಚಲ. ಭಾರತದಲ್ಲಿ ಕಂಡ ಅದರ ಒಂದು ಗುಂಪಿನಲ್ಲಿ ವಿಪಿ3ರ 59ನೇ ಅಮೈನೋ ಆಮ್ಲವೇ ಬಿಟ್ಟುಹೋಗಿದೆ.

ಊರಿನ ತಳಿಗೂ ಲಸಿಕೆಗೂ ಇರುವ ಹೊಂದಾಣಿಕೆ ಅಳೆಯುವುದು ಹೀಗೆ: ಲಸಿಕೆ ಪಡೆದ ದನದ ಸೀರಂ (ರಕ್ತದ ತಿಳಿ) ತೆಗೆದು, ಅದನ್ನು ಎಷ್ಟು ಪಟ್ಟು ತೆಳು ಮಾಡಿದರೂ ಲಸಿಕೆಯ ತಳಿಯನ್ನೂ ಊರಿನಲ್ಲಿ ಸಿಕ್ಕ ತಳಿಯನ್ನೂ ತಡೆಯುತ್ತದೆ ಎಂದು ನೋಡುತ್ತಾರೆ. ಲಸಿಕೆಯ ತಳಿಗೆ 128 ಪಟ್ಟು, ಊರಿನ ತಳಿಗೆ 64 ಪಟ್ಟು ಎಂದಾದರೆ ಅನುಪಾತ 0.5. ಊರಿನದಕ್ಕೆ 32 ಪಟ್ಟು ಮಾತ್ರ ಆದರೆ 0.25. ಈ ಪರೀಕ್ಷೆಯಲ್ಲಿ 0.3 ಅಥವಾ ಮೇಲಿದ್ದರೆ ಹೊಂದಾಣಿಕೆ ಇದೆ ಎಂದು ಲೆಕ್ಕ. ಕಡಿಮೆಯಿದ್ದ ಮಾತ್ರಕ್ಕೆ ಲಸಿಕೆ ದಂಡ ಎಂದಲ್ಲ. ಬೂಸ್ಟರ್‌ನಿಂದ ಪ್ರತಿಕಾಯದ ಮಟ್ಟ ಏರಿದ್ದರೆ ಅರೆಬರೆ ಹೊಂದಾಣಿಕೆಯೂ ದನವನ್ನು ಉಳಿಸುತ್ತದೆ.

ಆದ್ದರಿಂದ ತಳಿಯನ್ನು ದೂರುವ ಮೊದಲು ಐಸ್ ಬಾಕ್ಸ್ ನೋಡಿ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಕರಾವಳಿಯ ಸೆಕೆಯಲ್ಲಿ ಬಿಸಿಯಾದರೆ ಲಸಿಕೆಯೊಳಗಿನ ವೈರಸ್ಸಿನ ಇಡೀ ಕಣ ಚೂರಾಗುತ್ತದೆ, ಚೂರಿಗೆ ಪ್ರತಿಕಾಯ ಹುಟ್ಟಿಸುವ ಶಕ್ತಿ ತೀರ ಕಡಿಮೆ. ಹೆಪ್ಪುಗಟ್ಟಿದರೂ ಹಾಳು. ಕರುವಿಗೆ ನಾಲ್ಕು ತಿಂಗಳಿಗೆ ಮೊದಲ ಡೋಸ್, ನಾಲ್ಕು ವಾರದಲ್ಲಿ ಬೂಸ್ಟರ್, ಆಮೇಲೆ ಆರು ತಿಂಗಳಿಗೊಮ್ಮೆ. ಹೆಚ್ಚಿನವರು ಬಿಡುವುದು ಬೂಸ್ಟರನ್ನೇ, ಮೊದಲು ಮಲಗುವುದೂ ಆ ಕರುಗಳೇ. ಇನ್ನು, ಸೋಂಕು ಮೊದಲೇ ಒಳಹೊಕ್ಕ ದನಕ್ಕೆ ಇಂಜೆಕ್ಷನ್ ಕೊಟ್ಟರೆ ಜ್ವರ ನಿಲ್ಲುವುದಿಲ್ಲ, ಅದನ್ನು ಇಂಜೆಕ್ಷನ್ನಿನಿಂದಲೇ ಬಂತು ಎನ್ನುವುದು ತಪ್ಪು.

ಇಷ್ಟೆಲ್ಲ ಸರಿಯಿದ್ದೂ ಬಂದರೆ ಮಾದರಿ ಕಳಿಸಲೇಬೇಕು. ಅದಿಲ್ಲದೆ ತಳಿ ಬದಲಾಗಿದೆಯೇ ಎಂದು ಯಾರೂ ಹೇಳಲಾರರು. ನಾಲಗೆಯ ಮೇಲೆ ಆಗಷ್ಟೇ ಒಡೆದ ಗುಳ್ಳೆಯ ಸಿಪ್ಪೆ, ಕನಿಷ್ಠ ಒಂದು ಗ್ರಾಂ, ಪಶುವೈದ್ಯರಿಂದಲೇ ತೆಗೆಸಿ. ಅದನ್ನು ಹಾಕಿಡುವ ದ್ರಾವಣ ಗ್ಲಿಸರಿನ್ ಮತ್ತು ಫಾಸ್ಫೇಟ್ ಬಫರ್ ಸಮಪಾಲು, ಪಿಎಚ್ (ಹುಳಿ-ಕ್ಷಾರದ ಅಳತೆ) 7.2ರಿಂದ 7.6. ಹುಳಿ ಅಂಶ ತಾಗಿದರೆ ವೈರಸ್ ಸಾಯುತ್ತದೆ, ಫಾರ್ಮಲಿನ್‌ನಲ್ಲಿ ಹಾಕಿದರೂ ಅಷ್ಟೇ. ಐಸಿನಲ್ಲಿಟ್ಟು ಹೋಗಬೇಕು. ಭುವನೇಶ್ವರದಲ್ಲಿ ಇದಕ್ಕಾಗಿಯೇ ರಾಷ್ಟ್ರೀಯ ಸಂಸ್ಥೆಯಿದೆ. ಜೊತೆಗಿನ ಚೀಟಿಯಲ್ಲಿ ಕೊನೆಯ ಲಸಿಕೆಯ ತಾರೀಕು, ಬ್ಯಾಚ್ ನಂಬರ್ ಬರೆಯುವುದನ್ನು ಮರೆಯಬೇಡಿ.

ಅಲ್ಲಿಯವರೆಗೆ ಹಟ್ಟಿಯ ಬಾಗಿಲಲ್ಲಿ ವಾಷಿಂಗ್ ಸೋಡಾ ನೀರು, ಲೀಟರಿಗೆ 40 ಗ್ರಾಂ. ಕಂಬಳದ ಕೋಣಗಳನ್ನು ಹತ್ತೂರಿನ ಕೋಣಗಳ ನಡುವೆ ಕಟ್ಟುವವರು ಕರೆಗೆ (ಓಟದ ಗದ್ದೆಗೆ) ಇಳಿಸುವುದಕ್ಕೆ ಮೂರು ವಾರ ಮೊದಲೇ ಲಸಿಕೆ ಮುಗಿಸಿರಲಿ.